ಎರಡು ಮನೆಗೆ ಒಂದೇ ಗೋಡೆ

ಬ್ರೂಸ್‌ಪೇಟೆಯಲ್ಲಿದ್ದ ಅಕ್ಕನ ಮನೆಗೆ ಮೂರು ಗೋಡೆ ಪೂರ್ತಿ ಸ್ವಂತದ್ದು, ನಾಲ್ಕನೆಯದು ಅರ್ಧ. ಮಟ್ಟಸವಾದ ಮಣ್ಣಿನ ಚಾವಣಿ ಹೊತ್ತ ಆ ಓಣಿಯ ಹಳೆಯ ಮಾಳಿಗೆ ಮನೆಗಳೆಲ್ಲ ಹಾಗೇ ಇದ್ದವು. ಎರಡು ಮನೆಯ ನಡುವೆ ಒಂದೇ ದಪ್ಪ ಮಣ್ಣಿನ ಗೋಡೆ. ಈ ಮನೆಯ ತೊಲೆಗಳು ಈ ಕಡೆಯಿಂದ, ಆ ಮನೆಯ ತೊಲೆಗಳು ಆ ಕಡೆಯಿಂದ ಅದರ ಮೇಲೆ ಕೂತಿರುತ್ತಿದ್ದವು. ಒಬ್ಬರ ಮಾತಿಲ್ಲದೆ ಇನ್ನೊಬ್ಬರು ಆ ಗೋಡೆಗೆ ಕೈ ಹಚ್ಚುವ ಹಾಗಿರಲಿಲ್ಲ. ಒಂದು ಗೂಟ ಹೊಡೆಯಬೇಕಾದರೂ ಪಕ್ಕದ ಮನೆಗೆ ಹೋಗಿ ಹೇಳಿ ಬರುತ್ತಿದ್ದರು.

ಎಪ್ಪತ್ತರ ದಶಕದ ಮಾತು. ನಾನು ರಾರಾವಿಯಿಂದ ಬಳ್ಳಾರಿಗೆ ಕಾಲೇಜಿನಲ್ಲಿ ಬಿಎ ಓದಲು ಬಂದು ಆ ಮನೆಯಲ್ಲಿದ್ದೆ. ಭಾವ ದರ್ಜಿ. ಪಡಸಾಲೆಯಲ್ಲಿ ಆ ಅರ್ಧ ಗೋಡೆಗೆ ಬೆನ್ನು ಮಾಡಿ ಹೊಲಿಗೆ ಮಿಷನ್ನು ಹಾಕಿಕೊಂಡಿದ್ದರು. ಅಕ್ಕ ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದಳು. ಅವರ ಮಗಳು ಆಗ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಳು. ಭಾವ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬಿಎ, ಒಂದು ಚರಿಗಿ ನೀರು ಕೊಡವ್ವಾ. ಓದಿದೋರ ಕೈಯಾಗಿನ ನೀರು ಕುಡದ್ರ ಕತ್ರಿ ಸೀದಾ ಹೋಗತೈತಿ" ಎನ್ನುತ್ತಿದ್ದರು.

ಆಗ ಊರಿಗೆ ಮನೆ ಕೆಡವುವ ಹುಮ್ಮಸ್ಸು ಬಂದಿತ್ತು. ಕೆಳಗೆ ಅಂಗಡಿ ಸಾಲು, ಮೇಲೆ ಲಾಡ್ಜು ಎಂದು ಹೇಳಿಕೊಂಡು ಮಣ್ಣಿನ ಮನೆಗಳನ್ನು ಒಂದೊಂದಾಗಿ ಕೆಡವುತ್ತಿದ್ದರು. ಕೆಡವುವುದು ಬೇಗ ಮುಗಿಯುತ್ತಿತ್ತು. ಕಟ್ಟುವುದು ಮಾತ್ರ ಸಿಮೆಂಟ್ ಸಿಗಲಿಲ್ಲ ಎಂದೋ ಪಾಲಿನ ಜಗಳ ಎಂದೋ ನಿಂತುಬಿಡುತ್ತಿತ್ತು. ಮಾಳಿಗೆ ಹತ್ತಿ ನೋಡಿದರೆ ಕೋಟೆ ಗುಡ್ಡದವರೆಗೂ ಅಲ್ಲಲ್ಲಿ ಅರ್ಧಕ್ಕೆ ನಿಂತ ಕಂಬಗಳು, ಅವುಗಳ ತಲೆಯಿಂದ ಹೊರಗೆ ಬಂದ ತುಕ್ಕು ಹಿಡಿದ ಸರಳುಗಳು ಕಾಣುತ್ತಿದ್ದವು.

ನಮ್ಮ ಪಕ್ಕದ ಮನೆ ಕುರುಗೋಡಿನ ಒಬ್ಬ ಸಾಹುಕಾರರದು. ಬಾಡಿಗೆಯವರನ್ನು ಬಿಡಿಸಿದ ಮೇಲೆ ಅವರೇ ಬಂದು ಪಡಸಾಲೆಯಲ್ಲಿ ಕೂತು ಮನೆ ಕೆಡವಲು ಭಾವನ ಒಪ್ಪಿಗೆ ಕೇಳಿದರು. "ನಡುವಿನ ಗೋಡಿ ಮುಟ್ಟಂಗಿಲ್ಲ. ನಮ್ಮ ಕಂಬ ಎದ್ದ ಮ್ಯಾಲ ಅದರ ಬೆನ್ನಿಗೇ ಸಿಮೆಂಟಿನ ಗೋಡಿ ಕಟ್ಟಿಸ್ತೀನಿ. ನಿಮ್ಮ ತೊಲಿನೂ ಅದರ ಮ್ಯಾಲೇ ಕುಂದ್ರಲಿ" ಎಂದರು. ಭಾವ ಎಲೆ ಅಡಿಕೆ ಕೊಟ್ಟರು. ಒಪ್ಪಿಗೆ ಎಂದರೆ ಅಷ್ಟೇ.

ಪಕ್ಕದ ಮನೆ ಕೆಡವಿದ ಮೇಲೆ ನಡುಗೋಡೆಯ ಆ ಮಗ್ಗುಲು ಬೀದಿಗೆ ಬಂತು. ಅಲ್ಲಿದ್ದವರ ಅಡುಗೆಮನೆಯ ಹೊಗೆ, ದೇವರ ಗೂಡಿನ ಎಣ್ಣೆಯ ಕಲೆ, ನೀಲಿ ಸುಣ್ಣ ಎಲ್ಲ ಹೋಗಿಬರುವವರಿಗೆ ಕಾಣುತ್ತಿತ್ತು. ಅಕ್ಕನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಯಾರದೋ ಸಂಸಾರವನ್ನು ಮೈಮೇಲೆ ಅರಿವೆ ಇಲ್ಲದೆ ನಿಲ್ಲಿಸಿದ ಹಾಗಿದೆ ಎನ್ನುತ್ತಿದ್ದಳು. ಕಂಬಕ್ಕೆಂದು ಗೋಡೆಯ ಬುಡದಲ್ಲೇ ಗುಂಡಿ ತೋಡಿದರು. ಅಷ್ಟರಲ್ಲಿ ಸಾಹುಕಾರರ ತಮ್ಮ ತನ್ನ ಪಾಲು ಕೇಳಿ ಕೋರ್ಟಿಗೆ ಹೋದ. ಕೆಲಸ ನಿಂತಿತು. ಆ ವರ್ಷದ ಮಳೆಗೆ ಗುಂಡಿಗಳು ತುಂಬಿದವು.

"ಊರಾಗ ಎಲ್ರೂ ನೀರಿಗೆ ಪಾಳಿ ಹಚ್ಚತಾರ. ನಮ್ಮ ಮನಿಗೆ ಕೆರಿನೇ ನಡಕೊಂಡು ಬಂತು" ಎಂದು ಭಾವ ನಗಿಸುತ್ತಿದ್ದರು. ಜಂಪರು ಹೊಲಿಯಲು ಕೊಟ್ಟ ಹೆಂಗಸೊಬ್ಬಳು ಯಾವಾಗ ಕೊಡುತ್ತೀರಿ ಎಂದು ಕೇಳಿದರೆ, "ಪಕ್ಕದ ಬಿಲ್ಡಿಂಗ್ ಮುಗಿಯೋದ್ರೊಳಗ ಕೊಡ್ತೀನಿ ತಗೋ" ಎಂದರು.

"ಹಂಗಾರ ನನ್ನ ಮೊಮ್ಮಗಳ ಅಳತಿ ತಗೊಂಡು ಹೊಲಿಯಣ್ಣಾ" ಎಂದು ಅವಳು ಹೋದಳು.

ಅಕ್ಕ ಮಾತ್ರ ನಗುತ್ತಿರಲಿಲ್ಲ. ಒಳಗಿನ ಸುಣ್ಣ ಹಸಿಯಾಗಿ ಉಬ್ಬುತ್ತಿತ್ತು. ರಾತ್ರಿ ಮಗುವನ್ನು ಆ ಗೋಡೆಯಿಂದ ದೂರ ಮಲಗಿಸುತ್ತಿದ್ದಳು. "ಸಿರುಗುಪ್ಪಕ್ಕ ಹೋಗೋಣ ನಡೀರಿ. ಅಲ್ಲೂ ಜನ ಅರಿವಿ ಹಾಕ್ಕೋತಾರ" ಎಂದು ಬೆನ್ನು ಹತ್ತಿದ್ದಳು.

"ಗಿರಾಕಿ ಒಮ್ಮಿ ಬ್ಯಾರೆ ಬಾಗಲಾ ಕಲಿತ್ರ ತಿರುಗಿ ಬರಂಗಿಲ್ಲ. ಮತ್ತ ನಾವೇ ಬಿಟ್ಟು ಹೋದ್ರ ಗೋಡಿ ಕೇಳೋರು ಯಾರು? ಬರೋ ಮಳಿಗಾಲ ಒಂದು ನೋಡೋಣ. ದಸರಾದಾಗೂ ಅವರು ಕೆಲಸ ಹಿಡೀಲಿಲ್ಲಂದ್ರ ಗಾಡಿ ಹೂಡ್ತೀನಿ" ಎಂದರು ಭಾವ.

ಆ ಮಳೆಗಾಲದ ಮುಂಚೆ ಭಾವ ಕುರುಗೋಡಿಗೆ ಹೊರಟರು. ಅಕ್ಕ ನನ್ನನ್ನು ಜೊತೆಗೆ ಕಳಿಸಿದಳು. "ನೀನೂ ಹೋಗು. ಇವರು ಉಂಡು, ನಗಿಸಿ, ಬಂದ ಕೆಲಸ ಮರತು ಬರ್ತಾರ." ಸಾಹುಕಾರರು ಒಳ್ಳೆಯ ಮನುಷ್ಯರು. ಅವರು ಕೆಟ್ಟವರಾಗಿದ್ದರೆ ನಮಗೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ. ಜಗಳವಾಡಿ ಎದ್ದು ಬರಬಹುದಿತ್ತು.

"ಸಾವ್ಕಾರ್ರ, ಗೋಡಿ ಕರಗಾಕತ್ತೈತಿ. ಕೇಸು ಮುಗಿಯೋತನಕ ನಿಮ್ಮ ಜಾಗದಾಗ ಒಂದು ಕಲ್ಲಿನ ಆಸರಿ ಕಟ್ಟಿಕೊಳ್ಳಲೇನು?" ಎಂದು ಭಾವ ಕೇಳಿದರು.

"ಕಟ್ರಿ ಅನ್ನಾಕ ಬಾಯಿ ಬರತೈತಿ. ಆದ್ರ ಆ ಜಾಗಕ್ಕ ಕೋರ್ಟಿನ ತಡಿ ಐತಿ. ಒಂದು ಕಲ್ಲು ಇಟ್ರ ನನ್ನ ತಮ್ಮ ನಿಮ್ಮನ್ನೂ ಕೇಸಿನಾಗ ಎಳೀತಾನ. ಮುಗೀಲಿ ತಡೀರಿ, ಮೊದಲ ಕಂಬ ನಿಮ್ಮ ಕಡಿಗೇ ಎಬ್ಬಸ್ತೀನಿ. ಅದು ನನ್ನ ಗೋಡಿನೂ ಹೌದಲ್ರಿ?" ಎಂದರು ಅವರು. ಆಮೇಲೆ ಬಿಸಿ ರೊಟ್ಟಿ, ಪುಂಡಿ ಪಲ್ಲೆ, ಗಟ್ಟಿ ಮೊಸರು. ಹೊಟ್ಟೆ ತುಂಬಿಸಿಕೊಂಡು ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಆ ಮಗ್ಗುಲಿಗೆ ಏನೂ ಮಾಡುವ ಹಾಗಿರಲಿಲ್ಲ. ಭಾವನಿಗೆ ಉಳಿದದ್ದು ಮಾಳಿಗೆ ಒಂದೇ. ನಮ್ಮ ಕಡೆ ಮಳೆಗಾಲ ಬರುವ ಮುಂಚೆ ಮಾಳಿಗೆಯ ಮೇಲೆ ಚೌಳು ಮಣ್ಣು ಹರವುತ್ತಾರೆ. ಉಪ್ಪಿನಂಶದ ಆ ಮಣ್ಣು ಗಚ್ಚಿನ ಹಾಗೆ ಕೂತು ನೀರು ಇಳಿಯಗೊಡುವುದಿಲ್ಲ. ರಾರಾವಿಯಲ್ಲಿ ಕಾಲುವೆ ನೀರು ನಿಂತು ನಮ್ಮ ಹೊಲದ ಒಂದು ಮೂಲೆ ಚೌಳಾಗಿತ್ತು. ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ, ಮಾಳಿಗೆಗೆ ಮಾತ್ರ ಅದರಂಥ ಮಣ್ಣು ಇಲ್ಲ ಎನ್ನುತ್ತಿದ್ದರು. ಅಪ್ಪ ಪ್ರತಿ ವರ್ಷ ಕಳಿಸುವುದಕ್ಕಿಂತ ಹೆಚ್ಚು ಕಳಿಸಿದ. ಗೋಡೆಗೆ ನೀರು ಇಳಿಯದಿರಲಿ ಎಂದು ಭಾವ ಆ ಅಂಚಿನ ಉದ್ದಕ್ಕೂ ದಪ್ಪಗೆ ಹಾಕಿ ತುಳಿದರು. ಕೆಳಗೆ ಬುಡ ಕರಗುತ್ತಿದ್ದ ಗೋಡೆಯ ಮೇಲೆ ನಾವು ಭಾರ ಏರಿಸುತ್ತಿದ್ದೇವೆ ಎಂದು ಯಾರಿಗೂ ಹೊಳೆಯಲಿಲ್ಲ. ಹುಷಾರಾಗಿರುವುದು ಎಂದರೆ ನಮಗೆ ಗೊತ್ತಿದ್ದದ್ದು ಅದೊಂದೇ ರೀತಿ.

ಜಿಟಿಜಿಟಿ ಮಳೆ ಬಿಡದೆ ಹಿಡಿದಿದ್ದ ಒಂದು ಮಧ್ಯಾಹ್ನ. ನಾನು ಬೆಳಕಿಗೆಂದು ಬಾಗಿಲ ಹತ್ತಿರ ಪುಸ್ತಕ ಹಿಡಿದು ಕೂತಿದ್ದೆ. ಭಾವ ಹೊಲಿಯುತ್ತಿದ್ದರು. ಬಟ್ಟೆಯ ಮೇಲೆ ಸ್ವಲ್ಪ ಮಣ್ಣು ಉದುರಿತು. ದಿನಾ ಉದುರುತ್ತಿತ್ತು. ಅಂಗೈಯಿಂದ ಒರೆಸಿ ಮತ್ತೆ ಮಿಷನ್ನು ತುಳಿದರು. ಮತ್ತೆ ಉದುರಿತು. ಮತ್ತೆ ಒರೆಸಿದರು. ಆಮೇಲೆ ಕೈ ಹಾಗೇ ನಿಂತು, ತಲೆ ಎತ್ತಿ ನೋಡಿದರು.

"ಬಿಎ, ಹೊರಗ ನಡಿ" ಎಂದರು, ಬಹಳ ಮೆಲ್ಲಗೆ.

ಏನೋ ತರಲು ಹೇಳುತ್ತಿದ್ದಾರೆ ಎಂದುಕೊಂಡೆ. "ಏನು ತರಲಿ ಭಾವ?"

"ನಡಿ ಅಂದ್ರ."

ನಾನು ಬೀದಿಗೆ ಇಳಿದೆ. ಅವರು ಎದ್ದು ಅಡುಗೆಮನೆಯ ಕಡೆ ಮುಖ ಮಾಡಿ, "ಕೂಸಿನ್ನ ತಗೊಂಡು ಬಾ, ಲಗೂನ" ಎಂದು ಅಕ್ಕನನ್ನು ಕೂಗಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ಆಮೇಲೆ ಒಳಗೆ ಹೋದರು.

ತೊಲೆಯ ತುದಿ ಗೋಡೆಯಿಂದ ಹೊರಗೆ ಜಾರುವುದನ್ನು ನಾನು ಬೀದಿಯಲ್ಲಿ ನಿಂತು ನೋಡಿದೆ. ಅದಕ್ಕೆ ಅವಸರವೇ ಇರಲಿಲ್ಲ. ಮಾಳಿಗೆ ಕುಸಿದ ಸದ್ದು ಕೂಡ ದೊಡ್ಡದಲ್ಲ, ಜೋಳದ ಚೀಲಗಳನ್ನು ಒಟ್ಟಿಗೆ ಇಳಿಸಿದಷ್ಟು. ಅಷ್ಟು ಮಳೆಯಲ್ಲೂ ಧೂಳು ಎದ್ದಿತು. ಅದು ಕೂತ ಮೇಲೆ ಮಣ್ಣಿನ ದಿಬ್ಬದ ಆಚೆ, ಹಿತ್ತಿಲಿನಿಂದ ಅಕ್ಕನ ದನಿ ಕೇಳಿಸಿತು. ಮಗುವಿನ ಕಾಲು ತೊಳೆಸಲು ಅವಳು ಮೊದಲೇ ಹಿತ್ತಿಲಿಗೆ ಹೋಗಿದ್ದಳು. ಮಳೆಯ ಸದ್ದಿಗೆ ಭಾವನ ಕೂಗು ಅವಳಿಗೆ ಕೇಳಿಸಿರಲಿಲ್ಲ.

"ಅವರು ನಿನ್ನ ಕೂಡ ಅದಾರಲ್ಲಾ?" ಎಂದು ಕೇಳಿದಳು.

ಅವಳು ಮತ್ತೆ ಅದನ್ನೇ ಕೇಳಿದಳು.

ಓಣಿಯವರೆಲ್ಲ ಕೈಯಿಂದ, ಬುಟ್ಟಿಯಿಂದ ಮಣ್ಣು ಎಳೆದರು. ಭಾವ ಅಡುಗೆಮನೆಯ ಹೊಸ್ತಿಲ ಹತ್ತಿರ ಸಿಕ್ಕರು. ಜೀವ ಇರಲಿಲ್ಲ.

ಈಗಲೂ ಮಳೆ ಹಿಡಿದರೆ ಆ ಮಧ್ಯಾಹ್ನ ಮೊದಲಿನಿಂದ ಶುರುವಾಗುತ್ತದೆ. ಭಾವ ಕೂಗುತ್ತಾರೆ. ಈ ಸಲ ಅದು ಕೇಳಿಸಿ ಹಿತ್ತಿಲಿನಿಂದ ಅಕ್ಕ "ಹಾಂ, ಇಲ್ಲೇ ಅದೀನಿ" ಎನ್ನುತ್ತಾಳೆ. ಅವರು ತಿರುಗಿ ನನ್ನ ಹಿಂದೆಯೇ ಬೀದಿಗೆ ಬರುತ್ತಾರೆ. ಅಷ್ಟೊಂದು ಹೊತ್ತು ಇತ್ತು. ಅದಕ್ಕೇ ನನಗೆ ನಿದ್ದೆ ಬರುವುದಿಲ್ಲ.

ಭಾವನ ಮಣ್ಣಿಗೆ ಬಂದವರಲ್ಲಿ ಕುರುಗೋಡಿನ ಅಣ್ಣತಮ್ಮಂದಿರಿಬ್ಬರೂ ಇದ್ದರು. ಒಬ್ಬರ ಮುಖ ಒಬ್ಬರು ನೋಡದವರು ಹೋಗುವಾಗ ಒಂದೇ ಬಸ್ಸಿಗೆ ಹೋದರು. ಬೇಸಿಗೆ ಬರುವುದರೊಳಗೆ ಅವರ ಕೇಸು ರಾಜಿಯಾಯಿತು. ಅಕ್ಕ ಆಗ ಮಗಳೊಂದಿಗೆ ಸಿರುಗುಪ್ಪದಲ್ಲಿ ಒಂದು ಕೋಣೆ ಹಿಡಿದಿದ್ದಳು. ಅಲ್ಲಿಗೆ ಸಾಹುಕಾರರು ಹೇಳಿ ಕಳಿಸಿದರು. ಕೆಲಸ ಹಿಡಿಯಬೇಕಾಗಿದೆ, ನಡುಗೋಡೆಯ ಅವಶೇಷ ಅರ್ಧ ನಿಮ್ಮದು, ನಿಮ್ಮ ಮಾತಿಲ್ಲದೆ ಮುಟ್ಟಿಸುವುದಿಲ್ಲ ಎಂದು.

ಅಕ್ಕ ಬೆಳಗಿನ ಬಸ್ಸಿಗೆ ಬಂದಳು. ಮನೆ ಹೋದ ಮೇಲೆ ಹಾಸ್ಟೆಲು ಸೇರಿದ್ದ ನಾನೂ ಹೋಗಿದ್ದೆ. ಗುದ್ದಲಿ ಹಿಡಿದವರು ನೆರಳಲ್ಲಿ ಕೂತು ಕಾಯುತ್ತಿದ್ದರು. ಸಾಹುಕಾರರು ಚಪ್ಪಲಿ ಬಿಟ್ಟು ನಿಂತಿದ್ದರು.

"ತಾಯಿ, ಮೊದಲ ಕಂಬ ನಿಮ್ಮ ಕಡಿಗೇ ಎಬ್ಬಸ್ತೀನಿ ಅಂತ ಮಾತು ಕೊಟ್ಟಿದ್ದೆ. ಈಗಲೂ ಅದೇ ಮಾತು" ಎಂದರು.

"ನಮ್ಮ ಕಡಿ ಅನ್ನೋದು ಎಲ್ಲೈತ್ರಿ ಈಗ?" ಎಂದಳು ಅಕ್ಕ. ಸಿಟ್ಟಿನಿಂದ ಅಂದದ್ದಲ್ಲ. ಗುದ್ದಲಿ ಹಿಡಿದವರ ಕಡೆ ತಿರುಗಿ ಅವಳೇ, "ತೆಗೀರಿ" ಎಂದಳು.

ಮಗುವಿಗೆ ಬಿಸಿಲು ತಾಗುತ್ತದೆ, ಇನ್ನು ಹೋಗೋಣ ಎಂದು ನಾನು ಕರೆದೆ. ಮಗುವನ್ನು ನನ್ನ ಕೈಗೆ ಕೊಟ್ಟು ನೆರಳಿಗೆ ಕಳಿಸಿದಳು. ಎರಡು ಮನೆಯ ಗೋಡೆ ತೆಗೆಯುವಾಗ ಎರಡೂ ಮನೆಯವರು ಇರಬೇಕಲ್ಲ ಎಂದು ಅವಳೊಬ್ಬಳೇ ಸಂಜೆಯವರೆಗೂ ಅಲ್ಲಿ ನಿಂತಿದ್ದಳು.