ಮೇಷ್ಟ್ರ ಹೊಲದಲ್ಲಿ ಬಂದೋಬಸ್ತು

ಆಂಧ್ರದ ಗಡಿಯ ಮಡಕಶಿರಾ ಇನ್ನೂ ಅನಂತಪುರ ಜಿಲ್ಲೆಯಲ್ಲೇ ಇದ್ದ ಕೊನೆಯ ವರ್ಷಗಳ ಮಾತು. ಆಗ ನಾನು ಆ ಸೀಮೆಯ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಕಾನ್‌ಸ್ಟೇಬಲ್ ಆಗಿ ಸೇರಿ, ನಿವೃತ್ತಿಗೆ ಸ್ವಲ್ಪ ಮೊದಲು ಹೆಗಲ ಮೇಲೆ ಎರಡು ನಕ್ಷತ್ರ ಹಾಕಿಕೊಂಡವಳು. ಹುಟ್ಟೂರು ರಾಯದುರ್ಗ. ಸ್ವಭಾವದಲ್ಲೇ ಅನುಮಾನದ ಹೆಂಗಸು. ಹಾಲಿನವನಿಗೂ ಎರಡು ಪ್ರಶ್ನೆ ಕೇಳದೆ ಪಾತ್ರೆ ಚಾಚುವುದಿಲ್ಲ ಎಂದು ನನ್ನ ಗಂಡ ಈಗಲೂ ರೇಗಿಸುತ್ತಾರೆ. ರೇಗಿಸಲಿ. ಆ ಅನುಮಾನಕ್ಕೇ ಸರ್ಕಾರ ನನ್ನನ್ನು ಇಟ್ಟುಕೊಂಡಿದ್ದು.

ಆ ಸೀಮೆಯದೇ ಆದ ಗುಡಿಬಂಡೆ ಕಡೆಯ ಒಂದು ಹಳ್ಳಿಯಲ್ಲಿ ಪ್ರಭುದಾಸ ಮೇಷ್ಟ್ರು ಅಂತ ಒಬ್ಬರಿದ್ದರು. ಕ್ರೈಸ್ತರು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವರು, ಕಥೆ ಬರೆದವರು. ಅವರ ಕಥೆಗಳನ್ನು ಮನೆಮನೆಯಲ್ಲಿ ಓದುತ್ತಿದ್ದರು. ಬೈಬಲ್‌ನಲ್ಲಿ ಎಲ್ಲಿ ನೋಡಿದರೂ ಕುರಿ, ನನಗೋ ಕುರಿಯ ಗಂಧಗಾಳಿಯಿಲ್ಲ ಎಂದು ನಗುತ್ತ ಅಮರಾಪುರದ ಕುರಿಗಾಹಿಗಳ ಹಿಂದೆ ಅಲೆಯಲು ಶುರುಮಾಡಿದರಂತೆ. ವರ್ಷಗಟ್ಟಲೆ ಅಲೆದು, ಆ ಜನರ ಮಾತುಗಳನ್ನೆಲ್ಲ ಕೂಡಿಸಿ ಒಂದು ಪದಕೋಶ ಸಿದ್ಧಮಾಡಿದರು. ಅದು ಅಚ್ಚಿಗೆ ಹೋದಾಗ ತೀರಿಕೊಂಡರು.

ಅವರ ಮಗಳು ಗ್ರೇಸಮ್ಮ, ಹೈಸ್ಕೂಲ್ ಟೀಚರ್. ಅಪ್ಪನ ವರ್ಷದ ಸ್ಮರಣೆಯ ದಿನ, ಒಂದು ಭಾನುವಾರ, ಅವರ ಸಮಾಧಿ ಇರುವ ಹೊಲದಲ್ಲೇ ಪುಸ್ತಕ ಬಿಡುಗಡೆ ಇಟ್ಟುಕೊಂಡಿದ್ದಳು. ಮೈಕಿಗೂ ಶಾಮಿಯಾನಕ್ಕೂ ಪರ್ಮಿಶನ್ ಕೇಳಿ ಠಾಣೆಗೆ ಬಂದಳು. ಮಾರನೆಯ ದಿನ ಕುರಿಗಾಹಿಗಳು ಮೇವಿಗಾಗಿ ಕಾಲುವೆ ಕಡೆಗೆ ವಲಸೆ ಹೊರಡುವವರಿದ್ದರು. ಆ ಮಾತುಗಳನ್ನು ಹೇಳಿಕೊಟ್ಟವರ ಎದುರಿಗೇ ಪುಸ್ತಕವನ್ನು ಮೊದಲು ಓದಬೇಕೆಂದು ಮೇಷ್ಟ್ರು ಮಗಳಿಗೆ ಹೇಳಿ ಹೋಗಿದ್ದರು. ಕಾಲುವೆಗೆ ಹೋದವರು ತಿಂಗಳುಗಟ್ಟಲೆ ತಿರುಗಿ ಬರುವುದಿಲ್ಲ. ಬರುವಾಗ ಎಲ್ಲರೂ ಇರುತ್ತಾರೆಂಬ ನಂಬಿಕೆಯೂ ಇಲ್ಲ, ಅವರಲ್ಲಿ ಕೆಲವರು ಬಹಳ ವಯಸ್ಸಾದವರು.

ಸಹಿ ಹಾಕಿ ಕಳಿಸಬಹುದಾಗಿತ್ತು. ಅಷ್ಟರಲ್ಲಿ ಒಂದು ಮೊಬೈಲ್‌ನಿಂದ ಇನ್ನೊಂದಕ್ಕೆ ಹಾರುತ್ತ ಒಂದು ವಾಯ್ಸ್ ಮೆಸೇಜ್ ನನ್ನ ಮೊಬೈಲಿಗೂ ಬಂತು. ಕೆಳಗೆ ಯಾರೋ ತೆಲುಗಿನಲ್ಲಿ ಬರೆದಿದ್ದರು: ಸ್ಮರಣೆಯ ನೆಪದಲ್ಲಿ ಮತಾಂತರ, ಪೊಲೀಸರು ನಿದ್ದೆ ಮಾಡುತ್ತಿದ್ದಾರೆ. ಮೆಸೇಜಿನಲ್ಲಿದ್ದದ್ದು ಒಬ್ಬ ಮುದುಕನ ದನಿ. ಹಿಂದೆ ಗಾಳಿ ಗುಯ್‌ಗುಟ್ಟುತ್ತಿತ್ತು. ನನ್ನ ಕಿವಿಗೆ ಕೇಳಿಸಿದ್ದು ಇಷ್ಟು: "ಭಾನುವಾರ ಅಮರಾಪುರದ ಮಂದಿ ಎಲ್ಲಾ ತತ್ತೀವಿ. ಮೇಷ್ಟ್ರ ಹೊಲದಾಗೆ ತರುಬ್ತೀವಿ. ಯಾರ್ಗೂ ಬಾಯ್ಬಿಡಬ್ಯಾಡ, ಗೊತ್ತಾದ್ರೆ ಬ್ಯಾಡ ಅಂತಾರೆ."

ಮಂದಿಯನ್ನು ತರುತ್ತಾರೆ, ತರುಬುತ್ತಾರೆ, ಅದೂ ಗುಟ್ಟಾಗಿ. ತರುಬುವುದೆಂದರೆ ನನಗೆ ಗೊತ್ತಿದ್ದ ಅರ್ಥ ತಡೆದು ನಿಲ್ಲಿಸುವುದು. ಮತ್ತೆ ಮತ್ತೆ ಹಾಕಿ ಕೇಳಿದೆ. ಪ್ರತಿ ಸಲವೂ ಮಂದಿಯೇ. ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್ ಧರ್ಮಾವರಂ ಕಡೆಯ ತೆಲುಗಿನವನು. ನಾನು ಹೇಳಿದ್ದನ್ನೇ ಅವನು 'ಜನಸಮೂಹ' ಎಂದು ಬರೆದು ಮೇಲಿನವರಿಗೆ ಕಳಿಸಿದ. ಸಭೆ ಬಿಡುವುದೋ ತಡೆಯುವುದೋ ನಿಮಗೇ ಬಿಟ್ಟದ್ದು ಎಂದು ಉತ್ತರ ಬಂತು. ಏನಾದರೂ ಹೆಚ್ಚುಕಮ್ಮಿಯಾದರೆ ತಲೆ ನನ್ನದು ಅಂತ ಅದರ ಅರ್ಥ.

ಗ್ರೇಸಮ್ಮನನ್ನು ಕರೆಸಿ ಎಷ್ಟು ಮಂದಿ ಬರುತ್ತಾರೆಂದು ಕೇಳಿದೆ. ಐವತ್ತು ಅರವತ್ತು ಜನ ಅಂದಳು. ಅಮರಾಪುರದಿಂದ? ಹತ್ತು ಜನ ಕುರಿಗಾರರು, ಅಷ್ಟೇ. ಬೇರೆ ಯಾರನ್ನೂ ತರುತ್ತಿಲ್ಲವೇ ಎಂದದ್ದಕ್ಕೆ ಬೆಪ್ಪಾಗಿ ನನ್ನ ಮುಖ ನೋಡಿದಳು. ಅಂಥ ಮುಖ ಮಾಡಿಕೊಂಡು ಸುಳ್ಳು ಹೇಳಿದವರನ್ನು ನಾನು ಬೇಕಾದಷ್ಟು ಕಂಡಿದ್ದೆ.

ಶನಿವಾರ ಹೊಲಕ್ಕೇ ಹೋದೆ. ಸಮಾಧಿಯ ಸುತ್ತ ಸುಮಾರು ದೂರಕ್ಕೆ ಹೊಸದಾಗಿ ಗೂಟ ಹೊಡೆದು, ಹಗ್ಗದ ಬಲೆ ಕಟ್ಟಿ, ಮುಳ್ಳು ಜಡಿದಿದ್ದರು. ಒಳಗೆ ಹೋಗಲು ಒಂದೇ ಬಾಯಿ. ಇದನ್ನು ಕಟ್ಟಿದವರು ಯಾರೆಂದು ಕೇಳಿದರೆ ಗ್ರೇಸಮ್ಮ ತನಗೆ ಗೊತ್ತೇ ಇಲ್ಲವೆಂದಳು. ತನ್ನ ಹೊಲದಲ್ಲಿ ಬೇಲಿ ಎದ್ದದ್ದು ತನಗೇ ಗೊತ್ತಿಲ್ಲವಂತೆ! ನನ್ನ ಪಿತ್ತ ನೆತ್ತಿಗೇರಿತು.

"ಹತ್ತು ಮಂದಿಗೆ ಇಷ್ಟು ದೊಡ್ಡ ಬೇಲಿ ಯಾಕ್ರಿ? ನನಗೇನು ಕಣ್ಣಿಲ್ಲ ಅಂದ್ಕೊಂಡೀರೇನು?" ಎಂದು ಕೇಳಿ, ಮೈಕು ಬೇಡ, ನಾಳೆ ನಾನೇ ಬಂದು ನೋಡಿ ಒಪ್ಪುವ ತನಕ ಸಭೆಯೂ ಬೇಡ ಅಂದೆ.

ಅವಳು ದನಿ ಏರಿಸಲಿಲ್ಲ. "ಮೇಡಂ, ಸೋಮವಾರ ಅವರು ಹೊರಟುಹೋಗ್ತಾರೆ. ಆಮೇಲೆ ನಾನು ಇದನ್ನ ಗೋಡೆಗೆ ಓದಿ ಹೇಳ್ಲಾ?" ಅಂದಳು. ಕಣ್ಣು ತುಂಬಿಕೊಂಡಿತ್ತು. ನನಗೂ ಒಂದು ಗಳಿಗೆ ಕಸಿವಿಸಿಯಾಯಿತು. ಆದರೂ ಪಟ್ಟು ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಹೊಲದ ಪಕ್ಕದಲ್ಲೇ ಹಾಯುವ ಅಮರಾಪುರದ ರಸ್ತೆಗೆ ಬ್ಯಾರಿಕೇಡ್ ಇಟ್ಟು ಕಾನ್‌ಸ್ಟೇಬಲ್‌ಗಳನ್ನು ನಿಲ್ಲಿಸಿದೆ. ಟ್ರ್ಯಾಕ್ಟರ್ ಬಂದರೆ ತಡೆಯಿರಿ, ಟೆಂಪೋ ಬಂದರೆ ತಡೆಯಿರಿ ಎಂದು ಅಪ್ಪಣೆ. ಬಂದ ನೆಂಟರೂ ಓದುಗರೂ ಹೊಲದಲ್ಲಿ ಮೈಕಿಲ್ಲದ ಶಾಮಿಯಾನದ ಕೆಳಗೆ ಸುಮ್ಮನೆ ಕೂತಿದ್ದರು. ಗ್ರೇಸಮ್ಮ ಪುಸ್ತಕದ ಕಟ್ಟನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡಿದ್ದಳು. ಟೆಂಪೋ ಬರಲಿಲ್ಲ, ಟ್ರ್ಯಾಕ್ಟರೂ ಬರಲಿಲ್ಲ. ಹೊತ್ತು ಇಳಿಯುವಾಗ ರಸ್ತೆಯ ತಿರುವಿನಲ್ಲಿ ಕೆಂಪಗೆ ಧೂಳೆದ್ದಿತು. ಬಂತು ನೋಡಿ ಮಂದಿ ಎಂದು ಟೋಪಿ ಸರಿಮಾಡಿಕೊಂಡೆ.

ಬಂದದ್ದು ಕುರಿ. ರಸ್ತೆಯ ಅಗಲಕ್ಕೂ ಕುರಿ. ನನ್ನ ಬ್ಯಾರಿಕೇಡಿನ ಕೆಳಗೆ ನುಸುಳಿ, ಕಾನ್‌ಸ್ಟೇಬಲ್‌ಗಳ ಕಾಲ ಸಂದಿಯಲ್ಲಿ ತೂರಿ, ಬಂದೇ ಬಂದವು. ಅಷ್ಟಾದರೂ ನನ್ನ ಅನುಮಾನ ಹೋಗಲಿಲ್ಲ. ಹಿಂದೆ ಜನ ಅಡಗಿ ಬರುತ್ತಿದ್ದಾರೋ ಏನೋ, ನೋಡಿಕೊಂಡು ಬಾ ಎಂದು ಒಬ್ಬನನ್ನು ಬೈಕಿನಲ್ಲಿ ಅಟ್ಟಿದೆ. ಹಿಂದೆ ಇನ್ನೂ ಕುರಿಗಳಿವೆ ಎಂದು ಅವನು ಬಂದು ವರದಿ ಒಪ್ಪಿಸಿದ.

ಮುಂದೆ ಕಂಬಳಿ ಹೊದ್ದು ಬರುತ್ತಿದ್ದ ಮುದುಕನ ಹೆಸರು ಸಣ್ಣೀರಪ್ಪ. ಬಾಯಿ ತೆರೆದ ಕೂಡಲೇ ಮೆಸೇಜಿನ ದನಿ ಇದೇ ಎಂದು ಗೊತ್ತಾಯಿತು.

"ಮಂದಿ ಎಲ್ಲಿ?" ಎಂದು ಗದರಿದೆ.

"ಇದೇ ಕಣಮ್ಮ ಮಂದೆ," ಅಂದ, ಕೋಲಿನಿಂದ ಕುರಿಗಳನ್ನು ತೋರಿಸುತ್ತ. "ಇನ್ಯಾವ ಮಂದೆ ತರಾನ ನಾವು?"

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಆ ಸೀಮೆಯವನೇ. ನಗು ತಡೆಯಲಾರದೆ ಬೆನ್ನು ತಿರುಗಿಸಿ ನಿಂತ. ಆಗ ನನಗೆ ಹೊಳೆಯಿತು. ನಮ್ಮ ರಾಯದುರ್ಗದ ಕಡೆ ಮನೆಗೆ ಮನಿ ಅನ್ನುತ್ತೇವೆ, ಕುದುರೆಗೆ ಕುದುರಿ. ಮುದುಕ ಮಂದೆ ಅಂದದ್ದನ್ನು ನನ್ನ ಕಿವಿ ತಾನಾಗಿ ಮಂದಿ ಮಾಡಿಕೊಂಡಿತ್ತು. ಹಾಗೆಂದು ಮುದುಕನಿಗೂ ಹೇಳಿದೆ. ಮಡಕಶಿರಾ ಕಡೆ ಜನರಿಗೆ ಜನ ಅನ್ನುತ್ತಾರೆ, ಮಂದೆ ಅಂದರೆ ಕುರಿಗಳದ್ದು. ತರುಬುವುದೆಂದರೆ ಅವುಗಳನ್ನು ರಾತ್ರಿ ಒಬ್ಬರ ಹೊಲದಲ್ಲಿ ಕೂಡಿ ಮಲಗಿಸುವುದು. ಹಿಕ್ಕೆ, ಗಂಜಲ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ. ಹೊಲದವರು ಅದಕ್ಕೆ ಪ್ರತಿಯಾಗಿ ಕಾಳುಕಡ್ಡಿ ಕೊಡುವುದು ವಾಡಿಕೆ. ಮೇಷ್ಟ್ರ ಹೊಲಕ್ಕೆ ಏನೂ ತೆಗೆದುಕೊಳ್ಳದೆ ತರುಬಬೇಕೆಂದು ಇವರು ಮಾತಾಡಿಕೊಂಡಿದ್ದರು. ಗ್ರೇಸಮ್ಮನಿಗೆ ಮೊದಲೇ ತಿಳಿದರೆ ಕಾಳು ಅಳೆಯದೆ ಬಿಡುವುದಿಲ್ಲವೆಂದು ಗುಟ್ಟು. ಬೇಲಿ ಕಟ್ಟಿದವರೂ ಅವರೇ.

ಇಷ್ಟು ಕೇಳಿದ ಮೇಲೂ ನಾನು ಸುಮ್ಮನಿರಲಿಲ್ಲ. ಮೇಷ್ಟ್ರು ಯಾವತ್ತಾದರೂ ತಮ್ಮ ದೇವರ ಕಡೆಗೆ ಬನ್ನಿ ಎಂದು ಕರೆದಿದ್ದರೇ ಎಂದು ನೇರವಾಗಿ ಕೇಳಿದೆ. ಕೇಳುವುದು ನನ್ನ ಕೆಲಸ.

"ಇಲ್ಲ ಕಣಮ್ಮ. ನಮ್ ದ್ಯಾವ್ರುಗಳ ಹೆಸ್ರನ್ನೂ ಕೇಳಿ ಬರ್ಕೊಂಡ್ರು. ನಾವು ಮಾತಾಡಿದ್ರೆ ಪ್ಯಾಟೆಯೋರು ನಗಾಡ್ತಾರೆ. ಅವ್ರು ಒಂದಿನಾನೂ ನಗ್ಲಿಲ್ಲ."

ಬ್ಯಾರಿಕೇಡ್ ತೆಗೆಸಿದೆ. ಕುರಿಗಳು ಆ ಒಂದೇ ಬಾಯಿಯಿಂದ ಒಳನುಗ್ಗಿ ಸಮಾಧಿಯ ಸುತ್ತ ತುಂಬಿಕೊಂಡವು. ಗ್ರೇಸಮ್ಮ ಎದ್ದು ಬಂದಳು. ನೋಡಿದಳು, ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಪ್ಪಾ ಅಪ್ಪಾ ಎಂದು ಅತ್ತಳು. ನಾನೇ ಹೋಗಿ ಮೈಕ್ ಹಾಕಿ ಅಂದೆ. ಆ ಮೆಸೇಜನ್ನು ಹಬ್ಬಿಸಿದವರು ಯಾರೆಂದು ಕೊನೆಗೂ ಸಾಬೀತಾಗಲಿಲ್ಲ. ಅನುಮಾನ ಈಗಲೂ ಇದೆ, ಹೆಸರು ಹೇಳುವುದಿಲ್ಲ.

ಗ್ರೇಸಮ್ಮ ಓದಿದಳು. ಕುರಿಗಾಹಿಗಳು ಒಂದೊಂದು ಪದ ಬಂದಾಗಲೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸುತ್ತಿದ್ದರು, ದೂರದೂರಿನ ನೆಂಟರು ಹೆಸರು ಹಿಡಿದು ಕರೆದ ಹಾಗೆ. ಓದು ಮುಗಿದ ಮೇಲೆ ಸಣ್ಣೀರಪ್ಪ ನೇರ ನನ್ನ ಹತ್ತಿರ ಬಂದ. ಬೈಯುತ್ತಾನೆಂದುಕೊಂಡೆ, ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

"ಅಮ್ಮ, ನಿಮ್ ರಾಯದುರ್ಗದ ಕಡೆ ಇದುಕ್ಕೆ ಏನಂತೀರಾ?" ಎಂದು ಮಂದೆಯ ಕಡೆ ಕೈ ಮಾಡಿದ.

"ಹಿಂಡು ಅಂತೀವ್ರಿ," ಅಂದೆ.

ಅವನು ಗ್ರೇಸಮ್ಮನ ಕಡೆ ತಿರುಗಿ, ಇದು ಮೇಷ್ಟ್ರ ಪುಸ್ತಕದಾಗೆ ಇಲ್ಲ, ಬರ್ಕೊಳ್ಳಮ್ಮ ಅಂದ. ಹಿಂದಿನ ದಿನದಿಂದ ನನ್ನ ಮುಖ ನೋಡದಿದ್ದ ಅವಳು ನನ್ನಿಂದಲೇ ಪೆನ್ನು ಕೇಳಿ ತೆಗೆದುಕೊಂಡು, ಮಂದೆ ಎಂಬ ಪದವಿದ್ದ ಪುಟದ ಅಂಚಿನಲ್ಲಿ ಬರೆದಳು. ಇನ್ನೊಮ್ಮೆ ಹೇಳಿ ಮೇಡಂ, ನಿಮ್ಮ ಮನೇಲಿ ಹೇಗಂತಾರೋ ಹಾಗೇ ಹೇಳಿ ಅಂದಳು. ಸರ್ವೀಸಿನುದ್ದಕ್ಕೂ ಊರವರ ಹೇಳಿಕೆ ಬರೆದುಕೊಂಡವಳು ನಾನು. ನನ್ನ ಹೇಳಿಕೆಯನ್ನು ಒಬ್ಬರು ಬರೆದುಕೊಂಡದ್ದು ಅವತ್ತೊಂದೇ ದಿನ. ಅನುಮಾನ ಪಡುವುದನ್ನೇನೂ ನಾನು ಬಿಡಲಿಲ್ಲ. ಆದರೆ ಅಲ್ಲಿಂದ ನಿವೃತ್ತಿಯ ತನಕ, ಎದುರಿಗೆ ಕೂತವರ ಮಾತಿಗೆ ಅವರ ಕಡೆ ಏನರ್ಥ ಎಂದು ಅವರನ್ನೇ ಕೇಳದೆ ಒಂದು ಹೇಳಿಕೆಯನ್ನೂ ಬರೆದುಕೊಳ್ಳಲಿಲ್ಲ.