ಟಾರ್ಪಾಲಿನ ಕೆಳಗೆ ಒಂದು ಪಿಜ್ಜಾ ಒಲೆ

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ತನ್ನ ಹಿತ್ತಲಿನಲ್ಲಿ ಪಿಜ್ಜಾ ಸುಡುವ ಇಟ್ಟಿಗೆ ಒಲೆ ಕಟ್ಟಿದ ವಿಷಯ ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಹೇಳಿದವನು ಡೇರಿಗೆ ಹಾಲು ಹಾಕಲು ಹೋಗುವ ಪಕ್ಕದ ಮನೆಯವನು. "ನಿಮ್ ಷಡ್ಡಕ್ರ ಹಿತ್ಲಲ್ಲಿ ಏನೋ ಹುತ್ತದ ಥರ ಎದ್ದದೆ ಕಣಣ್ಣ. ಬಾಯೊಳಗೆ ಬೆಂಕಿ!" ನನ್ನ ಮೊದಲ ಯೋಚನೆ, ಈ ಬೇಸಿಗೆಯಲ್ಲಿ ತರಗೆಲೆಗೆ ಕಿಡಿ ಬಿದ್ದು ಅವನ ತೋಟಕ್ಕೆ ಬೆಂಕಿ ಹತ್ತಿದರೆ ಏನು ಗತಿ ಎಂಬುದು. ಎರಡನೆಯ ಯೋಚನೆ, ಇಷ್ಟು ದಿನವಾದರೂ ಹತ್ತಲಿಲ್ಲವಲ್ಲ ಎಂಬುದು. ಎರಡರ ನಡುವೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಇಷ್ಟಕ್ಕೆ ಹೊಟ್ಟೆ ಉರಿಯುವುದೇಕೆ ಎಂದು ಕೇಳುವವರಿಗೆ ನಮ್ಮ ಮನೆಯ ಭಾನುವಾರದ ವಿಷಯ ಹೇಳಬೇಕು. ಕುಶಾಲನಗರದ ಆಚೆ ನಮಗಿರುವುದು ಅಜ್ಜ ಹಾಸನದ ಕಡೆಯಿಂದ ಬಂದು ಮಾಡಿಟ್ಟ ನಾಲ್ಕೆಕರೆ ಕಾಫಿ, ಒಂದು ಕಣ, ಒಂದು ಹಂಚಿನ ಮನೆ. ಹೆಂಡತಿಯ ತಂಗಿಯ ಸಂಸಾರ ರಸ್ತೆಯಲ್ಲಿ ಎರಡು ತಿರುವು ದಾಟಿದರೆ ಸಿಗುತ್ತದೆ. ಅವಳ ತಮ್ಮನ ಸಂಸಾರ ಸ್ವಲ್ಪ ಮೇಲೆ. ನಾನು ಅವರ ಮನೆಯ ದೊಡ್ಡ ಅಳಿಯ. ಮದುವೆಯಾದಂದಿನಿಂದ ಭಾನುವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲೇ. ಹನ್ನೊಂದು ಜನ, ಕಡುಬು, ಕೋಳಿ ಸಾರು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ, ಬರುತ್ತಿದ್ದರು. ಸಾರಿನ ಸೌಟು ನನ್ನ ಕೈಯಲ್ಲಿ. ಯಾರಿಗೆ ಕಾಲು, ಯಾರಿಗೆ ಗುಂಡಿಗೆ ಎಂದು ತೀರ್ಮಾನಿಸುವವನು ನಾನು. ಐವತ್ತು ದಾಟಿದ ನನಗೆ ಜಗತ್ತು ಕೊಟ್ಟ ಅಧಿಕಾರ ಆ ಸೌಟಿನಷ್ಟೇ ಉದ್ದದ್ದು.

ಷಡ್ಡಕ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಗ್ಗೆ ಆಳುಗಳ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಹಾಕುವವನಿಗೆ ಇಟಲಿಯ ಅಡುಗೆ ಎಲ್ಲಿಂದ ಬಂತೆಂದರೆ, ಫೋನಿನಿಂದ. ಪಿರಿಯಾಪಟ್ಟಣದ ಕಡೆ ಯಾರೋ ಹಳೆಯ ತಂಬಾಕಿನ ಬ್ಯಾರನ್ ಕೆಡವುತ್ತಿದ್ದರಂತೆ. ಹೊಗೆಸೊಪ್ಪು ಬೇಯಿಸುವ ಆ ಗೂಡಿನ ಇಟ್ಟಿಗೆಗಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದು, ಹುತ್ತದ ಮಣ್ಣು ಕಲಸಿ, ತಾನೇ ಕಟ್ಟಿದನಂತೆ. ಇದೆಲ್ಲ ನನಗೆ ಹೇಳಿದ್ದು ಹೆಂಡತಿ, ಮಗ್ಗಿ ಒಪ್ಪಿಸುವ ಮಗುವಿನಷ್ಟು ಹಿಗ್ಗಿನಿಂದ.

ಆ ಭಾನುವಾರ ಹನ್ನೊಂದು ಜನವೂ ಅಲ್ಲಿ. ನಾನೂ ಹೋದೆ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂಬ ಭಯಕ್ಕೆ ಹೋದೆ, ಹೋಗಿ ಹೊಟ್ಟೆಕಿಚ್ಚುಪಟ್ಟೆ. ಅವನು ಹಿಟ್ಟಿನ ಉಂಡೆಯನ್ನು ಗಾಳಿಗೆ ಎಸೆದು ಹಿಡಿಯುತ್ತಿದ್ದ. ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಕೆಳಗೆ ಬೀಳಲಿ ಎಂದು ನಾನು ಹಾರೈಸಿದ್ದು ನಿಜ. ಬೀಳಲಿಲ್ಲ. ಉದ್ದ ಹಿಡಿಯ ಹಲಗೆಯ ಮೇಲೆ ಒಳಗೆ ಹೋದದ್ದು ಎರಡು ನಿಮಿಷದಲ್ಲಿ ಉಬ್ಬಿ, ಅಂಚು ಕಂದಾಗಿ ಹೊರಗೆ ಬಂತು. ಮೇಲೆ ನಮ್ಮ ಊರಿನದೇ ಗಾಂಧಾರಿ ಮೆಣಸು.

"ಹೆಂಗದೆ ಅಣ್ಣ?" ಎಂದ.

"ಪರವಾಗಿಲ್ಲ ಮಾರಾಯ. ಸ್ವಲ್ಪ ಸೀದದೆ ಅಷ್ಟೆ."

"ಅದು ಸೀದಿರೋದಲ್ಲ ಭಾವ, ಹಂಗೇ ಇರ್ಬೇಕು ಅದು," ಎಂದಳು ನಾದಿನಿ. "ಅಕ್ಕನ್ ನೋಡಿ, ನಾಲ್ಕನೇ ತುಂಡು!"

ನನ್ನ ಹೆಂಡತಿ ನಾಲಿಗೆ ಸುಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು. ನನ್ನ ಕೋಳಿ ಸಾರಿಗೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ. ಸಾರಿಗೆ ನಗುವಂಥದ್ದು ಏನಿದೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ.

ಮುಂದಿನ ಭಾನುವಾರವೂ ಅಲ್ಲಿ. ಅದರ ಮುಂದಿನದೂ. ನಾಲ್ಕನೆಯ ಭಾನುವಾರ ನಾನು ತಲೆನೋವೆಂದು ಮನೆಯಲ್ಲಿ ಉಳಿದೆ. ಯಾರಾದರೂ ನೋಡಲು ಬಂದಾರೆಂದು ಜಗಲಿಯ ಮೇಲೆ ಕುಳಿತೆ. ಮಧ್ಯಾಹ್ನ ಬೆಳಗಿನ ಉಪ್ಪಿಟ್ಟನ್ನೇ ಬಿಸಿ ಮಾಡಿ ತಿಂದೆ. ಸಂಜೆ ಹೆಂಡತಿ ಬಂದಾಗ ಅವಳ ಸೀರೆಯಲ್ಲಿ ಹೊಗೆಯ ವಾಸನೆ. "ತಲೆನೋವು ಹೋಯ್ತಾ?" ಎಂದಳು, ಉತ್ತರಕ್ಕೆ ಕಾಯದೆ. ಆ ಕ್ಷಣ ನಿರ್ಧಾರವಾಯಿತು. ನಾನೂ ಕಟ್ಟುತ್ತೇನೆ. ಅವನದಕ್ಕಿಂತ ಒಂದಡಿ ಅಗಲ. ಭಾನುವಾರವನ್ನು ವಾಪಸು ಮನೆಗೆ ತರುತ್ತೇನೆ.

ಅವನನ್ನೇ ಕೇಳಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಕಿರಿಯ ಷಡ್ಡಕನ ಮುಂದೆ "ಹೇಗೆ ಕಟ್ಟಿದೆಯಪ್ಪ" ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಬದಲಿಗೆ ಮೇಸ್ತ್ರಿಯನ್ನು ಕರೆಸಿದೆ. ನಮ್ಮ ಕಣಕ್ಕೆ ಸಿಮೆಂಟು ಹಾಕಿದವರು, ನೀರಿನ ಟ್ಯಾಂಕು ಕಟ್ಟಿದವರು ಇವರೇ. ಮೂಲ ಕೇರಳದವರು. ಸುತ್ತಮುತ್ತಲ ಅರ್ಧ ತೋಟಗಳ ತೊಟ್ಟಿಗಳು ಇವರ ಕೈಯವು.

"ಮಳೆಗೆ ಏನೂ ಆಗಬಾರದು ಮೇಸ್ತ್ರಿ," ಎಂದೆ. ಒಲೆಯ ಬಗ್ಗೆ ನಾನು ಆಡಿದ ಮೊದಲ ಮಾತೇ ಅದು.

"ಮಳೆಯಾ? ಸಾರ್, ಒಂದು ಹನಿ ಒಳಗೆ ಹೋಗಲ್ಲ, ನಾನು ಗ್ಯಾರಂಟಿ. ವಾಟರ್‌ಪ್ರೂಫ್ ಹಾಕಿ ಎರಡು ಕೋಟ್ ಪ್ಲಾಸ್ಟರ್ ಕೊಡುವಾ."

ನನಗೆ ಬೇಕಾಗಿದ್ದೂ ಅದೇ. ಕಾಫಿ ಬೆಳೆಯುವವನ ಹೆದರಿಕೆ ಉಳಿದವರಿಗೆ ಅರ್ಥವಾಗುವುದಿಲ್ಲ. ಪಿಕಿಂಗ್ ಮುಗಿದು, ಹಣ್ಣು ಕಣದಲ್ಲಿ ಹರಡಿರುವಾಗ ಆಕಾಶದ ಮೂಲೆಯಲ್ಲಿ ಅಂಗೈಯಗಲದ ಮೋಡ ಕಂಡರೂ ನಾವು ಉಣ್ಣುತ್ತಿರುವ ತಟ್ಟೆ ಬಿಟ್ಟು ಟಾರ್ಪಾಲು ಹಿಡಿದು ಓಡುತ್ತೇವೆ. ಓಡಿ ಓಡಿ ನನ್ನ ತಲೆಯಲ್ಲಿ ಬೇರೆ ಅಪಾಯಗಳಿಗೆ ಜಾಗವೇ ಉಳಿದಿಲ್ಲ. ನಿಜ ಹೇಳಬೇಕೆಂದರೆ ಕೆಲವು ಉಳಿದಿದ್ದವು. ಬೇಯುವ ಹಿಟ್ಟಿನ ವಾಸನೆಗೆ ಆನೆ ಬಂದರೆ? ಒಲೆಯ ಬಾಯೊಳಗೆ ಹಾವು ಸೇರಿಕೊಂಡರೆ? ಒಲೆಗೆ ಬೆಂಕಿಯಿಂದಲೇ ತೊಂದರೆಯಾದೀತು ಎಂಬುದೊಂದು ಮಾತ್ರ ಹೊಳೆಯಲಿಲ್ಲ.

ಹೆಂಡತಿಗೆ ಹೊಳೆದಿತ್ತು. ಮೇಸ್ತ್ರಿ ಸಿಮೆಂಟು ಕಲಸುವುದನ್ನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. "ಅಲ್ಲ ಕಣ್ರೀ, ಬಚ್ಚಲ ಹಂಡೆ ಒಲೆಗೆ ಯಾರಾದ್ರೂ ಸಿಮೆಂಟ್ ಬಳಿತಾರಾ? ಮಣ್ಣೇ ಅಲ್ವಾ ಮೆತ್ತೋದು?"

"ಅದು ಹಂಡೆ ಒಲೆ. ಇದು ಪಿಜ್ಜಾ ಒಲೆ."

"ಬೆಂಕಿ ಎರಡಕ್ಕೂ ಒಂದೇ ಅಲ್ವೇನ್ರೀ?"

"ಮಳೆಗಾಲದಲ್ಲಿ ನಿನ್ನ ಮಣ್ಣು ನಿಲ್ಲುತ್ತಾ?" ಎಂದೆ. ಅವಳು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ.

ಕಟ್ಟೆ ಎದ್ದಿತು. ಅದರ ಮೇಲೆ ಒದ್ದೆ ಮರಳನ್ನು ಅರ್ಧ ಕುಂಬಳಕಾಯಿಯಂತೆ ಗುಡ್ಡೆ ಮಾಡಿ, ಸುತ್ತ ಇಟ್ಟಿಗೆ ಜೋಡಿಸಿ, ಎರಡು ದಿನ ಬಿಟ್ಟು ಬಾಯಿಂದ ಮರಳನ್ನು ತೋಡಿ ತೆಗೆದರು. ಗುಮ್ಮಟ ನಿಂತಿತು. ಅದರ ಮೇಲೆ ಎರಡು ಕೋಟು ಪ್ಲಾಸ್ಟರು. ಮೇಸ್ತ್ರಿ ಕರಣೆಯಲ್ಲಿ ಎಷ್ಟು ನಯ ಮಾಡಿದರೆಂದರೆ, ನನಗೆ ಅದರ ಬೆನ್ನು ಸವರುವುದೇ ಒಂದು ಕೆಲಸವಾಯಿತು. ಷಡ್ಡಕನದು ಮಣ್ಣು ಮೆತ್ತಿದ ಹುತ್ತ, ನನ್ನದು ಮೊಟ್ಟೆ. ಅಷ್ಟರಲ್ಲಿ ಹೂಮಳೆ ಶುರುವಾಯಿತು. ಕಾಫಿಗೆ ಹೂ ಬರಿಸುವ ಆ ಮಳೆಗಾಗಿ ಊರೆಲ್ಲ ಕೈ ಮುಗಿಯುತ್ತಿರುವಾಗ ನಾನೊಬ್ಬ ಬೈಯುತ್ತ ಹೋಗಿ ಕಣದ ನೀಲಿ ಟಾರ್ಪಾಲನ್ನು ತಂದು ಒಲೆಗೆ ಹೊದಿಸಿ, ಹಗ್ಗ ಬಿಗಿದು, ಅಂಚಿಗೆ ಕಲ್ಲು ಹೇರಿದೆ. ಹಗಲೂ ರಾತ್ರಿಯೂ ಹಾಗೇ. ಬಿಸಿಲು ಬಂದರೂ ತೆಗೆಯಲಿಲ್ಲ. ಬಿಸಿಲನ್ನು ನಂಬಿ ಕೆಟ್ಟವರನ್ನು ನಾನು ಕಂಡಿದ್ದೇನೆ.

ಮುಂದಿನ ಭಾನುವಾರ ಎಲ್ಲರೂ ನಮ್ಮ ಮನೆಗೆ ಬರಬೇಕೆಂದು ಫೋನು ಮಾಡಿಸಿದೆ. ಅವತ್ತು ಸಂಜೆ ಷಡ್ಡಕನೇ ಫೋನು ಮಾಡಿದ.

"ಅಣ್ಣ, ಅಕ್ಕ ಹೇಳಿದ್ರು. ಖುಷಿಯಾಯ್ತು ಕಣಣ್ಣ. ಒಳಗೆ ಸಣ್ಣ ಬೆಂಕಿ ಹಾಕಿದ್ರಾ?"

"ಯಾಕೆ?"

"ಒಣಗ್ಬೇಕಲ್ಲ. ದಿನಾ ಸ್ವಲ್ಪ ಸ್ವಲ್ಪ ಹಾಕಿ, ಒಂದ್ ಹತ್ತು ದಿನ. ಮೊದ್ಲೇ ಜೋರು ಬೆಂಕಿ ಬೇಡ. ಭಾನುವಾರ ಬಿಟ್ಟು ಅದರಾಚೆ ಭಾನುವಾರ ಇಟ್ಕಳಣ. ಈ ಸಲ ನಮ್ಮನೇಲೇ ಆಗ್ಲಿ."

ಈ ಸಲ ನಮ್ಮನೇಲೇ ಆಗ್ಲಿ! ನನಗೆ ಕೇಳಿಸಿದ್ದು ಆ ಕೊನೆಯ ಮಾತು ಮಾತ್ರ. ನನ್ನ ಒಲೆ ದೊಡ್ಡದೆಂದು ಅವನಿಗೆ ಸುದ್ದಿ ಹೋಗಿದೆ, ಹತ್ತು ದಿನ ತಳ್ಳಿದರೆ ಇನ್ನೊಂದು ಭಾನುವಾರ ತನಗೆ ದಕ್ಕುತ್ತದೆ ಎಂಬ ಲೆಕ್ಕ. ಪಾಪ, ಹೊಟ್ಟೆಕಿಚ್ಚಿನವನು ಎಂದು ಅವನ ಬಗ್ಗೆ ಮರುಕಪಟ್ಟೆ. ಇದನ್ನು ಬರೆಯುವಾಗ ಕೈ ನಾಚುತ್ತಿದೆ, ಆದರೆ ಅವತ್ತು ನಿಜಕ್ಕೂ ಮರುಕಪಟ್ಟೆ. "ನೋಡಣ," ಎಂದು ಫೋನಿಟ್ಟೆ.

ಭಾನುವಾರ ಹನ್ನೊಂದು ಜನವೂ ಬಂದರು. ನಮ್ಮ ಹಿತ್ತಲು ಮತ್ತೆ ತುಂಬಿತು. ಟಾರ್ಪಾಲನ್ನು ಎಲ್ಲರೆದುರು ತೆಗೆದೆ. ಒಳಮೈ ಬೆವರಿತ್ತು. ಇಬ್ಬನಿ ಎಂದುಕೊಂಡೆ. ಒಣಗಿದ ಕಾಫಿ ಬೊಡ್ಡೆಗಳನ್ನು ಬಾಯಿತುಂಬ ತುರುಕಿ ಬೆಂಕಿ ಕೊಟ್ಟೆ. ಕಾಫಿ ಸೌದೆಯ ಕಾವು ಗೊತ್ತಿದ್ದವರಿಗೆ ಗೊತ್ತು. ಕಾಲು ಗಂಟೆಯಲ್ಲಿ ಹತ್ತಿರ ನಿಲ್ಲಲಾಗಲಿಲ್ಲ.

ಅಪಾಯ ಮೊದಲು ಕಂಡದ್ದು ಷಡ್ಡಕನಿಗೆ. "ಅಣ್ಣ, ಸ್ವಲ್ಪ ಸೌದೆ ಎಳೀರಿ ಈಚೆಗೆ."

"ಇರಲಿ ಇರಲಿ. ನಿನ್ನ ಒಲೆ ಚಿಕ್ಕದು, ಅದಕ್ಕೆ ಅಷ್ಟು ಸಾಕು."

ಬುಡದಿಂದ ನೀರು ಜಿನುಗತೊಡಗಿತು. ಅಲ್ಲಲ್ಲಿ ಸಣ್ಣ ಗುಳ್ಳೆಗಳೆದ್ದು ಚುಯ್ ಎಂದವು. "ಅಮ್ಮಾ, ದೊಡ್ಡಪ್ಪನ ಒಲೆ ಉಚ್ಚೆ ಹುಯ್ತಿದೆ!" ಎಂದು ನಾದಿನಿಯ ಚಿಕ್ಕ ಮಗಳು ಕೂಗಿದಳು. ಷಡ್ಡಕ ಮಕ್ಕಳನ್ನೆಲ್ಲ ಎರಡು ಕೈಯಲ್ಲಿ ಬಾಚಿ ಕಣದ ಆಚೆಗೆ ಕರೆದೊಯ್ದ. ಅದನ್ನು ನೋಡಿದ ಮೇಲೆ ನನಗೆ ಹೆದರಿಕೆಯಾಗಿ ನಾನೂ ಹಿಂದೆ ಸರಿದೆ. ಢಬ್ ಎಂದಿತು. ತಟ್ಟೆಯಗಲದ ಪ್ಲಾಸ್ಟರು ಹಾರಿ, ನಾನು ಬೆಳಗ್ಗೆ ಐದಕ್ಕೆ ಎದ್ದು ನಾದಿಟ್ಟಿದ್ದ ಹಿಟ್ಟಿನ ಬೋಗುಣಿಗೆ ಬಿತ್ತು. ಗುಮ್ಮಟದ ಮೇಲಿಂದ ಬುಡದವರೆಗೆ ಬೆರಳು ತೂರುವಷ್ಟು ಬಿರುಕು. ಅದರೊಳಗಿಂದ ಹೊಗೆ.

ಯಾರಾದರೂ ನಗಲಿ ಎಂದು ಕಾದೆ. ನಕ್ಕಿದ್ದರೆ ನಾನು ಜಗಳವಾಡಿ ಮಾನ ಉಳಿಸಿಕೊಳ್ಳುತ್ತಿದ್ದೆ. ಷಡ್ಡಕ ಬಂದು ಹೆಗಲ ಮೇಲೆ ಕೈಯಿಟ್ಟ. "ಹೋಗ್ಲಿ ಬಿಡಣ್ಣ. ನಂದೂ ಮೊದಲ್ನೇದು ಕುಸಿದಿತ್ತು. ಯಾರಿಗೂ ಹೇಳಿಲ್ಲ ಅಷ್ಟೆ."

"ಸುಳ್ಳು ಹೇಳ್ಬೇಡ."

"ಇವಳ್ನೇ ಕೇಳಿ."

"ಹೂಂ ಭಾವ," ಎಂದಳು ನಾದಿನಿ. "ಎರಡು ದಿನ ಊಟ ಬಿಟ್ಟಿದ್ರು. ನಿಮಗೆ ಗೊತ್ತಾದ್ರೆ ಆಡ್ಕೋತೀರಿ ಅಂತ ಕಟ್ಟಿ ಮುಗಿಯೋ ತನಕ ಹೇಳ್ಲೇಬೇಡ ಅಂದಿದ್ರು."

ನಾನು ಆಡಿಕೊಳ್ಳುತ್ತಿದ್ದೆನೇ? ಆಡಿಕೊಳ್ಳುತ್ತಿದ್ದೆ. ವರ್ಷಗಟ್ಟಲೆ ಸಾರಿನ ಜೊತೆ ಅದನ್ನೂ ಬಡಿಸುತ್ತಿದ್ದೆ.

ಹಸಿದ ಮಕ್ಕಳು ಅಳತೊಡಗಿದ್ದರಿಂದ ಎಲ್ಲರೂ ಅವನ ಮನೆಗೆ ಹೊರಟರು. ಅಲ್ಲಿ ಹಿಟ್ಟು ಸಿದ್ಧವಿತ್ತು. ಈ ಒಲೆ ಕೈಕೊಡಬಹುದೆಂದು ಕಲಸಿಟ್ಟು ಬಂದಿದ್ದನಂತೆ. ಬೆಂಕಿ ಆರುವ ತನಕ ಕಾಯುತ್ತೇನೆಂದು ನಾನು ಹಿಂದುಳಿದೆ. ಹೆಂಡತಿ ಗೇಟಿನ ತನಕ ಹೋದವಳು ವಾಪಸು ಬಂದು ಕಟ್ಟೆಯ ಮೇಲೆ ಕುಳಿತಳು.

"ನೀನೂ ಹೋಗು. ಬಿಸಿಯಾಗಿ ತಿನ್ನು."

"ಅಲ್ಲ, ನಿಮಗೇನು ಬೇಕಿತ್ತು ಇದರಲ್ಲಿ? ನೀವು ಪಿಜ್ಜಾನೇ ಇಷ್ಟಪಡಲ್ಲ."

"ಭಾನುವಾರ ಬೇಕಿತ್ತು," ಎಂದೆ. "ಇಲ್ಲಿ ಯಾರೂ ಬರೋದೇ ಇಲ್ಲ ಈಗ."

"ಇವತ್ತು ಬಿಟ್ರೆ ನೀವು ಕರೆದ್ರಾ?"

"ಯಾವತ್ತು ಕರೀತಿದ್ವಿ ನಾವು?"

"ಈಗ ಕರೀಬೇಕು ಕಣ್ರೀ. ಎರಡು ಒಲೆ ಆದ್ಮೇಲೆ ಕರೀದೆ ಯಾವ ಕಡೆ ಬರ್ತಾರೆ?"

ಅವಳ ಫೋನಿನಿಂದಲೇ ಷಡ್ಡಕನಿಗೆ ಕರೆ ಮಾಡಿದೆ. ಹಿಂದೆ ಮಕ್ಕಳ ಗಲಾಟೆ. "ಬರೋ ಭಾನುವಾರ ಎಲ್ಲ ಇಲ್ಲಿಗೇ ಬನ್ನಿ," ಎಂದೆ. "ಪಿಜ್ಜಾ ಇಲ್ಲ. ಈ ದರಿದ್ರದ್ದನ್ನ ಕೆಡವ್ಬೇಕು. ಹೇಗೆ ಕೆಡವೋದು, ಆಮೇಲೆ ಹೇಗೆ ಕಟ್ಟೋದು, ನಂಗೆ ಗೊತ್ತಿಲ್ಲ. ನೀನು ಹೇಳ್ಕೊಡ್ಬೇಕು." ಗಂಟಲಲ್ಲಿ ಸಿಕ್ಕಿದ್ದ ಮೀನಿನ ಮುಳ್ಳು ಹೊರಗೆ ಬಂದಂತಾಯಿತು. ಅಷ್ಟೇ ನೋವು, ಅಷ್ಟೇ ಹಗುರ.

"ಬ್ಯಾರನ್ ಇಟ್ಟಿಗೆ ಇನ್ನೂ ಅರ್ಧ ಲೋಡ್ ಉಳಿದದೆ ಅಣ್ಣ. ನೀವು ಕೇಳ್ತೀರೇನೋ ಅಂತ ಆಗ್ಲೇ ತೆಗೆದಿಟ್ಟಿದ್ದೆ."

ಒಳ್ಳೆಯತನದಲ್ಲೂ ಅವನೇ ಮುಂದೆ. ಆ ಸಂಕಟವನ್ನು ನುಂಗಿಕೊಂಡು "ತಗೊಂಡ್ ಬಾ" ಎಂದೆ.

ಮುಂದಿನ ಭಾನುವಾರ ಹನ್ನೊಂದು ಜನ ಬಂದರು. ಸುದ್ದಿ ಕೇಳಿ ಮೇಸ್ತ್ರಿಯೂ ಬಂದು, ಹನ್ನೆರಡನೆಯವರಾಗಿ, ಬಿರುಕಿನ ಮುಂದೆ ಕೈ ಕಟ್ಟಿ ನಿಂತರು. "ಸಾರ್, ಒಂದು ಮಾತು ಹೇಳಿ. ಮಳೆ ಒಳಗೆ ಹೋಯಿತಾ?"

"ಇಲ್ಲ ಮೇಸ್ತ್ರಿ."

"ಅಷ್ಟೆ ಸಾರ್!" ಎಂದು ಉಳಿ ಸುತ್ತಿಗೆ ಎತ್ತಿಕೊಂಡರು.

ಮೂವರೂ ಸೇರಿ ಗುಮ್ಮಟ ಒಡೆಯತೊಡಗಿದೆವು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ, ಮಕ್ಕಳು ಕಣದ ಅಂಚಿನಲ್ಲಿ. ಒಳಗೆ ಕೋಳಿ ಸಾರು ಕುದಿಯುತ್ತಿತ್ತು. ನನ್ನ ಏಟಿಗೆ ಪ್ಲಾಸ್ಟರು ಪುಡಿಯಾಗಿ ಕಣ್ಣಿಗೆ ಬಿತ್ತು. ಷಡ್ಡಕನ ಏಟಿಗೆ ಇಟ್ಟಿಗೆ ಇಡಿಯಾಗಿ, ಹಲಸಿನ ತೊಳೆಯ ಹಾಗೆ ಬಿಡಿಸಿಕೊಂಡು ಬರುತ್ತಿತ್ತು.

"ನೋಡ್ಕಳ್ರೀ," ಎಂದಳು ಹೆಂಡತಿ, ಎಲ್ಲರಿಗೂ ಕೇಳುವಂತೆ. "ಒಡೆಯೋದ್ರಲ್ಲೂ ಎಷ್ಟು ನಾಜೂಕು ಅವರದು."

ನಾನು ಸುತ್ತಿಗೆಯನ್ನು ಇನ್ನೂ ಜೋರಾಗಿ ಬೀಸಿದೆ.