ಊರಿಗೆಲ್ಲ ಆಯಿ

ಸಾಬಮ್ಮ ಊರಿಗೆಲ್ಲ ಆಯಿ, ಅಂದರೆ ಅಜ್ಜಿ; ನನಗೆ ಮಾತ್ರ ಸಾಬಿ. ನಾನು ಓಣಿಯಲ್ಲಿ ನಿಂತು "ಏ ಸಾಬಿ, ಎಲ್ಲಿ ಸತ್ತಿ ಬೇ?" ಎಂದು ಕೂಗಿದರೆ ಹೊಸದಾಗಿ ಬಂದ ಸೊಸೆಯಂದಿರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಅಷ್ಟು ವಯಸ್ಸಾದವಳನ್ನು ಹಾಗೆ ಕರೆಯುವುದೇ ಎಂದು ಒಬ್ಬಿಬ್ಬರು ನನಗೆ ಬುದ್ಧಿ ಹೇಳಿದ್ದೂ ಉಂಟು. ಹೇಳಲಿ. ಒಂದನೇ ಇಯತ್ತೆಯಲ್ಲಿ ನನ್ನ ಪಾಟಿ ಒಡೆದು, ಒಡೆದವಳು ನಾನೇ ಎಂದು ಮಾಸ್ತರರ ಮುಂದೆ ಆಣೆ ಇಟ್ಟವಳನ್ನು ಯಾವ ಬಾಯಿಂದ ಆಯಿ ಅನ್ನಲಿ?

ನನ್ನ ಹೆಸರು ಮೆಹರಾಜಬೇಗಂ. ಭೂಸನೂರಿನ ಸಕ್ಕರೆ ಕಾರ್ಖಾನೆಯ ಹೊಗೆ ಕಾಣುವಷ್ಟು ಹತ್ತಿರದ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ಬಸುರಿಯರನ್ನು ತಪಾಸಣೆಗೆ ಕರೆದೊಯ್ಯುವುದು, ಹೆರಿಗೆ ದವಾಖಾನೆಯಲ್ಲೇ ಆಗುವಂತೆ ನೋಡುವುದು, ಬಾಣಂತಿಗೆ ಎರಡು ತುತ್ತು ಹೆಚ್ಚು ಹಾಕಿರೆಂದು ಅತ್ತೆಯರ ಜೊತೆ ಜಗಳ ಕಾಯುವುದು ನನ್ನ ಕೆಲಸ. ಹೆರಿಗೆಯ ವಿಷಯದಲ್ಲಿ ಈಗೀಗ ಊರು ನನ್ನ ಮಾತು ಕೇಳುತ್ತದೆ. ಆದರೆ ಚೀಲದ ವಿಷಯ ಬಂತೋ, ನಾನು ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಚೀಲ ಅಂದರೆ ಗರ್ಭಚೀಲ. ಎರಡು ಮಕ್ಕಳಾದ ಹೆಂಗಸಿಗೆ ಬಿಳಿ ಹೋಗಲು ಶುರುವಾದರೆ, ಟೊಂಕ ಹಿಡಿದು ಕುಳಿತರೆ, ಮುಟ್ಟು ಹೆಚ್ಚುಕಡಿಮೆಯಾದರೆ ನಮ್ಮ ಕಡೆ ಮೊದಲು ಬರುವ ಮಾತು ಒಂದೇ: "ತೆಗಸಿಬಿಡ್ರಿ." ಕಬ್ಬು ಕಡಿಯುವ ಮನೆಗಳಲ್ಲಂತೂ ಇನ್ನೂ ಜೋರು. ಕಡಿಯುವವರ ಗುಂಪಿಗೆ ಟೋಳಿ ಅನ್ನುತ್ತಾರೆ; ಅದರಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ. ಗಂಡ ಕಡಿಯಬೇಕು, ಹೆಂಡತಿ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸಬೇಕು. ಹೆಂಡತಿ ಮಲಗಿದಳೋ, ಗಂಡನೂ ಮನೆಯಲ್ಲೇ ಕೂರಬೇಕು. ಹೀಗಾಗಿ ತಿಂಗಳು ತಿಂಗಳು ತೊಂದರೆ ಕೊಡುವ ಚೀಲ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ ಎಂದು ಲೆಕ್ಕ ಹಾಕುತ್ತಾರೆ. ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ಇದನ್ನು ಕೇಳಿ ಕೇಳಿ ನನ್ನ ಗಂಟಲು ಬತ್ತಿದೆ.

ದವಾಖಾನೆಗೆ ಹೋಗುವ ಮುಂಚೆ ಇನ್ನೊಂದು ರೂಢಿಯಿದೆ. ಈಗಾಗಲೇ ತೆಗೆಸಿಕೊಂಡವಳೊಬ್ಬಳ ಮನೆಗೆ ಹೋಗಿ ಕೇಳಿ ಬರುವುದು. ಹೆಣ್ಣು ನೋಡಲು ಹೋದಂತೆ ಮನೆಮಂದಿ ಕೂಡಿ ಹೋಗುತ್ತಾರೆ. ಡಾಕ್ಟರು ಏನೇ ಹೇಳಲಿ, ಅವಳು ಹೂಂ ಅಂದರೆ ಹೂಂ. ನಮ್ಮೂರಲ್ಲಿ ಅಂಥ ಸಾಕ್ಷಿಗೆ ಹೆಸರಾದವಳು ಸಾಬಿ.

ಅವಳು ಇದೇ ಊರ ಮಗಳು, ಇದೇ ಊರ ಸೊಸೆ. ಕಡಿಯುವ ಕೆಲಸದಲ್ಲಿ ಗಂಡನಿಗಿಂತ ಕೈ ಮುಂದು. ಎರಡನೆಯ ಕೂಸು ಇನ್ನೂ ಮೊಲೆ ಬಿಟ್ಟಿರಲಿಲ್ಲ, ಬಿಳಿ ಹೋಗುತ್ತದೆ ಎಂದು ಪಟ್ಟಣದ ಒಂದು ಖಾಸಗಿ ದವಾಖಾನೆಗೆ ಹೋದಳು. ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಅಂಜಿಸಿ ತೆಗೆದೇ ಕಳಿಸಿದರು. ಆ ದವಾಖಾನೆ ಈಗ ಇಲ್ಲ. ಆ ವರ್ಷವೇ ಸಾಬಿ ಒಂದು ದಿನವೂ ಬಿಡದೆ ಕಬ್ಬು ಹೊತ್ತಳು. ಟೋಳಿ ಕಟ್ಟಿ ಕೆಲಸಕ್ಕೆ ಕರೆದೊಯ್ಯುವ ಮುಕಾದಮ ಮಾಳಿಂಗಪ್ಪ ಕಂಡಕಂಡವರ ಮುಂದೆ, "ನೋಡ್ರಿ ಆ ಹೆಣಮಗಳಿಗೆ, ಗಂಡಸು ಆಗ್ಯಾಳ" ಎಂದು ಹೊಗಳಿದ. ಆ ಹೊಗಳಿಕೆ ಇವಳ ತಲೆಗೆ ಏರಿತು. ಕೇಳಲು ಬಂದವರ ಮುಂದೆ ಸೀರೆಯ ನೆರಿಗೆ ಸ್ವಲ್ಪ ಸರಿಸಿ ಹೊಲಿಗೆಯ ಗುರುತು ತೋರಿಸಿ, "ಏನಾಗ್ಯದ ನನಗ? ಕಲ್ಲಿನಂಗ ಇದ್ದೇನಿ" ಅನ್ನುತ್ತಿದ್ದಳು. ನಾನು ಇಲಾಖೆಯವರು ಕೊಟ್ಟ ಚಿತ್ರಗಳನ್ನು ಹಿಡಿದು ಹೋದರೆ ನಗುತ್ತಿದ್ದಳು. "ನಿನ್ನ ಚಿತ್ರ ಯಾರಿಗೆ ಬೇಕು ಬೇ? ನನ್ನ ಹೊಟ್ಟಿ ನೋಡಿ ಹೋಗ್ಲಿ."

ಆಗೆಲ್ಲ ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸುತ್ತಿತ್ತು.

ಕಲ್ಲಿನಂಗ ಇದ್ದವಳು ಮಧ್ಯಾಹ್ನ ನನ್ನ ಮನೆಗೆ ಬಂದು, ಒಳಗೆ ಬೆಂಕಿ ಹೊತ್ತಿದೆ ಎಂದು ನೀರಿನ ತೊಟ್ಟಿಯಲ್ಲಿ ಕಾಲಿಟ್ಟು ಕೂರುತ್ತಿದ್ದಳು. ಅದು ಮಾಗಿಯ ಚಳಿಯಲ್ಲೂ. ಬೆನ್ನು ಬಾಗಿತು. ಕೂದಲು ಬೆಳ್ಳಗಾಯಿತು. ಹಲ್ಲು ಸಡಿಲಾದವು. ಮೊದಮೊದಲು ಮಕ್ಕಳು ಆಯಿ ಅಂದರು, ಆಮೇಲೆ ದೊಡ್ಡವರೂ ಅಂದರು. ಒಂದು ದಿನ ಕೊಡ ಎತ್ತಲು ಹೋಗಿ ಮುಂಗೈ ಮುರಿದುಕೊಂಡಳು. ಬಿದ್ದಿರಲಿಲ್ಲ, ಬರೀ ಎತ್ತಿದ್ದಕ್ಕೆ.

ಆಳಂದದ ಸರ್ಕಾರಿ ದವಾಖಾನೆಗೆ ಕರೆದೊಯ್ದವಳು ನಾನೇ. ಡಾಕ್ಟರ್ ಅನುರಾಧಾ ವಯಸ್ಸು ಕೇಳಿದರು. ಸಾಬಿ ಹೇಳಿದಳು. ಡಾಕ್ಟರು ಬರೆಯುವುದನ್ನು ಬಿಟ್ಟು ತಲೆ ಎತ್ತಿ ಅವಳ ಮುಖ ನೋಡಿದರು. ಪರೀಕ್ಷೆಯೆಲ್ಲ ಮುಗಿದ ಮೇಲೆ ತಿಳಿಸಿ ಹೇಳಿದರು: ಚೀಲದ ಜೊತೆ ಎರಡೂ ಅಂಡಾಶಯ ತೆಗೆದಿದ್ದಾರೆ. ಹೆಂಗಸಿನ ಎಲುಬಿಗೆ ಗಟ್ಟಿತನ ಕೊಡುವುದು ಅವೇ. ಅವು ಹೋದದ್ದಕ್ಕೆ ಮುಟ್ಟು ನಿಂತವರ ಕಷ್ಟವೆಲ್ಲ ಹರೆಯದಲ್ಲೇ ಬಂದಿದೆ. ಅವತ್ತಿನ ಬಿಳಿ ಹೋಗುವುದಕ್ಕೆ ಬಹುಶಃ ಗುಳಿಗೆಯೇ ಸಾಕಾಗುತ್ತಿತ್ತು.

ಊರಲ್ಲಿ ಬಸ್ಸಿಳಿಯುವಾಗ ಸಾಬಿ ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು.

"ಆಣಿ ಮಾಡು. ಯಾರ ಮುಂದೂ ಹೇಳಂಗಿಲ್ಲ."

"ಯಾಕ ಬೇ? ಹೇಳಿದ್ರ ನಾಲ್ಕು ಮಂದಿ ಉಳೀತಾರ."

"ಮತ್ತ ನನ್ನ ಮಾತ ಕೇಳಿ ತೆಗಸ್ಯಾರಲ್ಲ, ಅವರಿಗೆ ಏನ್ ಹೇಳ್ಲಿ? ಮುಖ ಹೆಂಗ ತೋರಿಸ್ಲಿ, ಮೆಹರಾಜ?"

ನಾನು ಆಣೆ ಮಾಡಿದೆ. ಏನು ಮಾಡಲಿ, ಅವಳು ಅಳುತ್ತಿದ್ದಳು. ಸಾಬಿ ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವತ್ತಿನಿಂದ ಅವಳು ಹೊಲಿಗೆ ತೋರಿಸುವುದನ್ನು ಬಿಟ್ಟಳು. ಯಾರಾದರೂ ಬಂದರೆ ತಲೆನೋವೆಂದು ಒಳಗೆ ಹೋಗಿ ಮಲಗುತ್ತಿದ್ದಳು. ಆದರೆ ಹೆಸರು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? "ಆಯಿ ತೆಗಸ್ಯಾಳ, ಗಟ್ಟಿ ಇದ್ದಾಳ" ಎಂಬ ಮಾತು ಅವಳಿಲ್ಲದೆಯೂ ಓಡಾಡುತ್ತಿತ್ತು.

ಹೋದ ದಸರೆ ಮುಗಿದಿತ್ತು, ಟೋಳಿ ಕೂಡುತ್ತಿತ್ತು. ನಮ್ಮ ಓಣಿಯ ಜಗದೇವಿಯ ಮಗ ಶ್ರೀಮಂತ, ಅವನ ಹೆಂಡತಿ ಸೀಮಾ. ಸೀಮಾಳಿಗೆ ಇನ್ನೂ ಇಪ್ಪತ್ತಮೂರು. ಎರಡು ಹೆಣ್ಣುಮಕ್ಕಳು, ಚಿಕ್ಕದು ಮೊಲೆಗೂಸು. ಅವಳಿಗೂ ಅದೇ ಬಿಳಿ, ಅದೇ ಟೊಂಕ ಬ್ಯಾನಿ. ಸೋಮವಾರ ಪಟ್ಟಣಕ್ಕೆ ಹೋಗಿ ತೆಗೆಸುವುದು, ಆರಾಮಾದ ಕೂಡಲೇ ಟೋಳಿ ಸೇರುವುದು ಎಂದು ಮನೆಯಲ್ಲಿ ಮಾತಾಗಿತ್ತು. ನಾನು ಜಗದೇವಿಯ ಕಟ್ಟೆಯ ಮೇಲೆ ಹಟ ಹಿಡಿದು ಕುಳಿತೆ. ಗುರುವಾರ ಅನುರಾಧಾ ಡಾಕ್ಟರಿಗೆ ಒಮ್ಮೆ ತೋರಿಸಿರಿ, ಆಮೇಲೆ ನಿಮ್ಮ ಮನಸ್ಸಿಗೆ ಬಂದದ್ದು ಮಾಡಿರಿ ಅಂದೆ. ಜಗದೇವಿ ಕೆಟ್ಟ ಹೆಂಗಸಲ್ಲ, ಸೊಸೆ ನರಳುವುದು ಅವಳಿಗೂ ನೋಡಲಾಗುತ್ತಿರಲಿಲ್ಲ.

"ನಿಂದೂ ಬ್ಯಾಡ, ನಂದೂ ಬ್ಯಾಡ" ಅಂದಳು. "ನಡೀರಿ, ಆಯಿಗೇ ಕೇಳೂಣು."

ನನ್ನ ಬಾಯಿಗೆ ಆಣೆಯ ಬೀಗ ಬಿದ್ದಿತ್ತು. ಹಾಳಾದ ಆಣೆ!

ಸಾಬಿ ಅಂಗಳದಲ್ಲಿ ಮೊರದ ಮುಂದೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಹೋಗಿ ಮಲಗಲು ಪುರುಸೊತ್ತು ಸಿಗಲಿಲ್ಲ. ಅವಳ ಪಕ್ಕದಲ್ಲಿ ಖುರ್ಷಿದ ಇದ್ದಳು. ಇಜೇರಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಮೂರು ವರ್ಷದ ಹಿಂದೆ ಸಾಬಿಯ ಮಾತು ಕೇಳಿಯೇ ಚೀಲ ತೆಗೆಸಿಕೊಂಡವಳು. ಅವಳಿರುವಾಗ ಸಾಬಿ ಬಾಯಿ ಬಿಡುವ ಮಾತೇ ಇಲ್ಲ ಎಂದು ನಾನು ಆಸೆ ಬಿಟ್ಟೆ.

"ಆಯಿ" ಅಂದ ಶ್ರೀಮಂತ, "ಸೋಮವಾರ ಇಕಿಗಿ ಕರಕೊಂಡು ಹೊಂಟೀವಿ. ಮೆಹರಾಜಕ್ಕ ಬ್ಯಾಡ ಅಂತಾಳ. ಇಕಿನೂ ಅಂಜಾಕತ್ತಾಳ. ನೀ ಒಂದ್ ಮಾತ್ ಹೇಳಿಬಿಡು."

ಸಾಬಿಯ ಕೈ ಹಳೆಯ ರೂಢಿಯಂತೆ ಸೊಂಟದ ನೆರಿಗೆಗೆ ಹೋಯಿತು. ನಾನು ಮುಖ ಆ ಕಡೆ ತಿರುಗಿಸಿದೆ. ಅಷ್ಟರಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದ ಸೀಮಾ ಮೆಲ್ಲಗೆ ಕೇಳಿದಳು.

"ಆಯಿ, ಆಮ್ಯಾಲ ನಾ ಮೊದಲಿನಂಗ ಆಗ್ತೇನೇನು?"

ಇಷ್ಟು ವರ್ಷ ಸಾಬಿಯನ್ನು ಕೇಳಿದವರೆಲ್ಲ ಅತ್ತೆಯರು, ಗಂಡಂದಿರು. ಕೆಲಸಕ್ಕೆ ಎಂದಿನಿಂದ ಹೋಗಬಹುದು ಎಂಬುದೇ ಅವರ ಪ್ರಶ್ನೆ. ಹೀಗೆ ಕೇಳಿದವರು ಒಬ್ಬರೂ ಇರಲಿಲ್ಲ. ಸಾಬಿಯ ಕೈ ನೆರಿಗೆಯ ಮೇಲೆ ಹಾಗೇ ನಿಂತಿತು.

"ಏ ಶ್ರೀಮಂತ, ನೀ ನನಗ ಏನಂತ ಕರೀತಿ?"

"ಆಯಿ ಅಂತೀನಿ. ಯಾಕ?"

"ನಿಮ್ಮವ್ವಗ?"

"ಅವ್ವ ಅಂತೀನಿ. ಇದೇನ್ ಕೇಳಾಕತ್ತಿ?"

"ಜಗದೇವಿ, ನೀ ಮದುವ್ಯಾಗಿ ಈ ಊರಿಗೆ ಬಂದಾಗ ಅಗಸಿ ಬಾಗಲಾಗ ನಿನಗ ಆರತಿ ಹಿಡದಾಕಿ ಯಾರು?"

"ನೀನೇ" ಅಂದಳು ಜಗದೇವಿ. "ಲಂಗಾ ಹಾಕ್ಕೊಂಡು, ಎರಡು ಜಡಿ ಬಿಟ್ಕೊಂಡು... ಸಾಲಿ ಹುಡುಗಿ ಇದ್ದಿ."

"ಹಂಗಾದ್ರ ನಮ್ಮಿಬ್ಬರಾಗ ದೊಡ್ಡಾಕಿ ಯಾರು?"

ಜಗದೇವಿಯ ತಲೆಯಲ್ಲಿ ಹುಡುಕಿದರೂ ಒಂದು ಬಿಳಿ ಕೂದಲು ಸಿಗುತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ ಇದು. ಗೊತ್ತಿದ್ದೂ ಯಾರೂ ನೋಡಿರಲಿಲ್ಲ.

"ನಿಮ್ಮವ್ವಗಿಂತ ನಾ ನಾಲ್ಕು ವರ್ಷ ಸಣ್ಣಾಕಿ, ತಮ್ಮಾ" ಅಂದಳು ಸಾಬಿ. "ನಾನೂ ಈ ಮೆಹರಾಜನೂ ಒಂದೇ ಇಯತ್ತಿ. ಇಕಿಗಿ ಅಕ್ಕ ಅಂತಿ, ನನಗ ಆಯಿ ಅಂತಿ. ತಪ್ಪು ನಿಂದಲ್ಲ, ಕಣ್ಣಿಗಿ ಕಂಡಂಗ ಕರದಿ. ನಂದು ಚೀಲ ಅಷ್ಟೇ ತಗೀಲಿಲ್ಲ, ಅದರ ಜೋಡಿ ನನ್ನ ಹರೇನೂ ತಗದ್ರು. ಒಂದು ಕೊಡ ಎತ್ತಿದ್ರ ಎಲುಬು ಮುರೀತದ. ಮೈಯಾಗ ಬೆಂಕಿ ಏಳ್ತದ. ಯಾರ ಮುಂದೂ ಹೇಳಲಿಲ್ಲ, ಗಟ್ಟಿ ಅದೇನಿ ಅಂತ ಮೆರದೆ. ಸೀಮಾ, ನಾ ಮೊದಲಿನಂಗ ಆಗಲಿಲ್ಲವ್ವ. ಒಂದಿನಾನೂ ಆಗಲಿಲ್ಲ."

ಶ್ರೀಮಂತ ಅವಳ ಮುಖ ನೋಡಿದ, ತಾಯಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿದ. ಖುರ್ಷಿದ ನಿಧಾನಕ್ಕೆ ಎದ್ದು ನಿಂತಳು.

"ನನಗೂ ಬೆಂಕಿ ಏಳ್ತದ" ಅಂದಳು. "ನನಗೊಬ್ಬಾಕೀಗೇ ಆಗ್ತದ, ನಂದೇ ಏನೋ ಕೆಟ್ಟದ ಅನ್ಕೊಂಡಿದ್ದೆ. ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?"

"ಅಂಜಿದ್ದೆ" ಅಂದಳು ಸಾಬಿ.

ಖುರ್ಷಿದ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು. ಸಾಬಿ ಅಂಜಿದ್ದೆಲ್ಲ ಇದಕ್ಕೇ, ಅದು ಅವಳ ಅಂಗಳದಲ್ಲೇ ಆಯಿತು. ನಾನು ಅವಳ ಪಕ್ಕ ಕುಳಿತು ಮೊರ ಎತ್ತಿಕೊಂಡೆ, ಜೋಳದಲ್ಲಿನ ಕಲ್ಲು ಆರಿಸಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಜಗದೇವಿ ಸೀಮಾಳ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡು, "ಸೋಮವಾರ ಬ್ಯಾಡ, ಗುರುವಾರ ಹೋಗೂಣು" ಅಂದಳು. "ಸಾಬಿ, ನೀನೂ ಬಾ."

ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋದರೆ ನಮಗಿಂತ ಮೊದಲೇ ಖುರ್ಷಿದ ಬಂದು ನಿಂತಿದ್ದಳು. ಸಾಬಿಯ ಕಡೆ ನೋಡದೆ, "ನಾನೂ ತೋರಿಸ್ತೇನಿ" ಎಂದು ನನಗೆ ಹೇಳಿದಳು. ಬಸ್ಸಿನಲ್ಲಿ ಜಾಗವಿದ್ದರೂ ಸಾಬಿಯ ಪಕ್ಕ ಕೂರಲಿಲ್ಲ. ಇರಲಿ. ಬಂದಿದ್ದಳಲ್ಲ.

ಅನುರಾಧಾ ಡಾಕ್ಟರು ಸೀಮಾಳನ್ನು ಪರೀಕ್ಷಿಸಿದರು. ಕ್ಯಾನ್ಸರಿನ ಗುರುತು ಇದೆಯೇ ಎಂದೂ ನೋಡಿದರು. ಏನೂ ಇರಲಿಲ್ಲ, ಬರೀ ಸೋಂಕು. ಗುಳಿಗೆ ಕೊಟ್ಟು, ಇವು ಗಂಡ ಹೆಂಡತಿ ಇಬ್ಬರಿಗೂ, ಒಬ್ಬರು ತಪ್ಪಿಸಿದರೂ ತಿರುಗಿ ಬರುತ್ತದೆ ಅಂದರು. "ನನಗ್ಯಾಕ್ರಿ ಗುಳಗಿ? ನನಗೇನಾಗ್ಯದ್ರಿ?" ಎಂದು ಶ್ರೀಮಂತ ಕೆಂಪಗಾದ. ಅವನ ತಾಯಿಯೇ, "ನುಂಗಲೇ, ಬಾಯಿ ಮುಚ್ಕೊಂಡು" ಅಂದಳು. ಡಾಕ್ಟರೂ ನಕ್ಕರು. ಖುರ್ಷಿದಳಿಗೂ ಸಾಬಿಗೂ ಎಲುಬಿಗೆ ಗುಳಿಗೆ ಸಿಕ್ಕಿತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿರಿ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಸೀಮಾ ಗುಣವಾದಳು. ಟೋಳಿಗೆ ಅವರು ತಡವಾಗಿ ಹೋದರು, ಮಾಳಿಂಗಪ್ಪ ಗೊಣಗಿದ, ಸೇರಿಸಿಕೊಂಡ. ಕಬ್ಬೇನು ಓಡಿಹೋಗಿರಲಿಲ್ಲ.

ನನಗೆ ಮರೆಯಲಾಗದ್ದು ಆ ಸಂಜೆ ಆಳಂದದ ಬಸ್ ನಿಲ್ದಾಣ. ನಮ್ಮ ಬಸ್ಸು ಬಂತು, ಜನ ಮುಗಿಬಿದ್ದರು. ಶ್ರೀಮಂತ ಓಡಿಹೋಗಿ ಕಿಟಕಿಯೊಳಗೆ ಟವೆಲ್ ಎಸೆದ, ನುಗ್ಗಿ ಒಳಗೆ ಹೋದ, ಅಲ್ಲಿಂದಲೇ ಕೂಗಿದ.

"ಚಿಗವ್ವಾ, ಬಾ! ಸೀಟು ಹಿಡದೀನಿ. ಏ ಚಿಗವ್ವಾ!"

ತಾಯಿಗಿಂತ ಸಣ್ಣವಳನ್ನು ನಮ್ಮಲ್ಲಿ ಕರೆಯುವುದು ಹಾಗೆಯೇ. ಸಾಬಿ ಕದಲಲಿಲ್ಲ. ಯಾರನ್ನೋ ಕರೆಯುತ್ತಿದ್ದಾನೆ ಎಂದು ಹಿಂದೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಗ ಖುರ್ಷಿದ ಬಂದು ಅವಳ ಮುರಿದು ಕೂಡಿದ ಮುಂಗೈಯನ್ನು ಜೋಪಾನವಾಗಿ ಹಿಡಿದುಕೊಂಡಳು.

"ನಿನಗೇ ಕರ್ಯಾಕತ್ತಾನ" ಅಂದಳು. "ನಡಿ."